ಬದಲಾವಣೆಗೂ ಒಂದು ವಹಿ: ತಂತ್ರಾಂಶದ ಘಟಕಗಳ ಮೇಲೆ ಸಕ್ರಿಯ ದತ್ತಾಂಶಕೋಶದ ನಿಗಾ

(ಗ್ರಾಮ ಪಂಚಾಯತಿಗಳ ಚುನಾಯಿತ ಸದಸ್ಯರ ಮಾಹಿತಿಗಾಗಿ ವಿವರಣಾ ಲೇಖನ)

1. ಪೀಠಿಕೆ

ಕೈಬರಹದ ವಹಿಗಳ ಕಾಲದಲ್ಲಿ ತಿದ್ದುಪಡಿಗೆ ಒಂದು ಶಿಸ್ತು ಇತ್ತು. ತಪ್ಪಾಗಿ ಬರೆದ ಅಂಕಿಯನ್ನು ಕೆರೆದು ಅಳಿಸುವಂತಿರಲಿಲ್ಲ. ಹಳೆಯ ಅಂಕಿ ಓದಲು ಬರುವಂತೆ ಅದರ ಮೇಲೆ ಅಡ್ಡಗೆರೆ ಎಳೆದು, ಸರಿಯಾದ ಅಂಕಿಯನ್ನು ಮೇಲ್ಗಡೆ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮತ್ತು ದಿನಾಂಕವನ್ನು ನಮೂದಿಸಬೇಕಾಗಿತ್ತು. ಆದ್ದರಿಂದ ಲೆಕ್ಕ ಪರಿಶೋಧನೆಯ ವೇಳೆ ಅಥವಾ ಜಮಾಬಂದಿಯ ದಿನ ವಹಿಯನ್ನು ತೆರೆದವರಿಗೆ ಯಾರು, ಯಾವಾಗ, ಏನನ್ನು ಏನಾಗಿ ಬದಲಾಯಿಸಿದರು ಎಂಬುದು ಆ ಪುಟದಲ್ಲಿಯೇ ಕಾಣುತ್ತಿತ್ತು.

ಇಂದು ಗ್ರಾಮ ಪಂಚಾಯತಿಯ ಬಹುಪಾಲು ಕೆಲಸ ತಂತ್ರಾಂಶಗಳ ಮೂಲಕ ನಡೆಯುತ್ತಿದೆ. ಕೃಷಿಯೇತರ ಆಸ್ತಿಗಳ ನಮೂನೆ 9 ಮತ್ತು 11 ಇ-ಸ್ವತ್ತು ತಂತ್ರಾಂಶದಿಂದ ಬರುತ್ತವೆ. ಪಂಚಾಯತಿಯ ಆಡಳಿತ ಮತ್ತು ತೆರಿಗೆಯ ವಿವರಗಳು ಪಂಚತಂತ್ರದಲ್ಲಿವೆ. ಯೋಜನೆ ಮತ್ತು ಲೆಕ್ಕದ ಮಾಹಿತಿಯು 2020ರ ಏಪ್ರಿಲ್ 24ರಂದು ಆರಂಭವಾದ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ದಾಖಲಾಗುತ್ತದೆ. ಆದರೆ ಗಣಕದ ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಕೊನೆಯ ಸ್ಥಿತಿ ಮಾತ್ರ. ಅಲ್ಲಿ ಅಡ್ಡಗೆರೆಯಿಲ್ಲ, ಚಿಕ್ಕ ಸಹಿಯೂ ಇಲ್ಲ. ಆ ಗುರುತನ್ನು ಉಳಿಸಲು ಬೇರೆ ಏರ್ಪಾಡನ್ನೇ ಮಾಡಬೇಕು.

ಬದಲಾವಣೆಗಳು ಎರಡು ಬಗೆ. ಮೊದಲನೆಯದು ದಾಖಲೆಯಲ್ಲಿ ಆಗುವ ಬದಲಾವಣೆ: ಮಾಲೀಕರ ಹೆಸರು, ನಿವೇಶನದ ಅಳತೆ, ತೆರಿಗೆಯ ಮೊತ್ತ ಇತ್ಯಾದಿ. ಎರಡನೆಯದು ಆ ದಾಖಲೆಯನ್ನು ಬರೆಯುವ, ಹುಡುಕುವ ಮತ್ತು ಲೆಕ್ಕ ಹಾಕುವ ತಂತ್ರಾಂಶದ ಒಳಭಾಗಗಳಲ್ಲಿ ಆಗುವ ಬದಲಾವಣೆ. ಮೊದಲನೆಯದರ ಬಗ್ಗೆ ಸದಸ್ಯರು ಸಭೆಯಲ್ಲಿ ಪ್ರಶ್ನೆ ಕೇಳುವ ರೂಢಿ ಇದೆ. ಎರಡನೆಯದರ ಬಗ್ಗೆ ಕೇಳುವವರು ವಿರಳ. ಆದರೆ ಮನೆ ಕಂದಾಯದ ಬೇಡಿಕೆಯಾಗಲಿ ಆಸ್ತಿಯ ನಕಲಾಗಲಿ ಏಕಕಾಲಕ್ಕೆ ನೂರಾರು ಕುಟುಂಬಗಳಿಗೆ ತಪ್ಪಾಗಿ ಹೋಗುವುದು ಬಹುಮಟ್ಟಿಗೆ ಈ ಎರಡನೆಯ ದಾರಿಯಿಂದ. ಈ ಲೇಖನವು ಅದನ್ನು ಕುರಿತದ್ದು.

2. ತಂತ್ರಾಂಶದ ಘಟಕ ಎಂದರೇನು?

ತಂತ್ರಾಂಶವು ಏಕಶಿಲೆಯಲ್ಲ, ಹಲವು ಭಾಗಗಳನ್ನು ಜೋಡಿಸಿ ಕಟ್ಟಿದ ರಚನೆ. ಈ ಭಾಗಗಳನ್ನೇ ಘಟಕಗಳೆನ್ನುತ್ತಾರೆ. ತೆರಿಗೆ ವಸೂಲಿಯ ಒಂದು ಸಾಧಾರಣ ತಂತ್ರಾಂಶವನ್ನು ತೆಗೆದುಕೊಂಡರೂ ಲಾಗಿನ್ ಪರಿಶೀಲಿಸುವ ಘಟಕ, ಕನ್ನಡ ಅಕ್ಷರಗಳನ್ನು ನಿಭಾಯಿಸುವ ಘಟಕ, ತೆರಿಗೆಯನ್ನು ಲೆಕ್ಕ ಹಾಕುವ ಘಟಕ, ರಸೀದಿ ಮುದ್ರಿಸುವ ಘಟಕ, ಡಿಜಿಟಲ್ ಸಹಿಯ ಘಟಕ ಮತ್ತು ಆನ್‌ಲೈನ್ ಪಾವತಿಯ ಘಟಕ ಇಷ್ಟಾದರೂ ಇರುತ್ತವೆ. ಇವೆಲ್ಲವನ್ನೂ ಒಬ್ಬರೇ ತಯಾರಿಸಿರುವುದಿಲ್ಲ. ಕೆಲವನ್ನು ಇಲಾಖೆಯ ತಂತ್ರಜ್ಞರು ಬರೆದಿರುತ್ತಾರೆ, ಕೆಲವು ಕಂಪನಿಗಳಿಂದ ಬಂದಿರುತ್ತವೆ, ಇನ್ನು ಕೆಲವು ಜಗತ್ತಿನಾದ್ಯಂತ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶಗಳು. ಪ್ರತಿಯೊಂದು ಘಟಕಕ್ಕೂ ತನ್ನದೇ ಆವೃತ್ತಿ ಸಂಖ್ಯೆ ಇರುತ್ತದೆ ಮತ್ತು ಪ್ರತಿಯೊಂದೂ ತನ್ನದೇ ವೇಳೆಯಲ್ಲಿ ಅಪ್‌ಡೇಟ್ ಆಗುತ್ತದೆ.

ಬಂದರಿನಲ್ಲಿ ನಿಂತ ಯಾಂತ್ರೀಕೃತ ದೋಣಿಯ ಹೆಸರೂ ನೋಂದಣಿ ಸಂಖ್ಯೆಯೂ ಹಾಗೆಯೇ ಉಳಿದು, ಅದರ ಎಂಜಿನ್, ಫ್ಯಾನ್, ಬಲೆ ಕಾಲಕಾಲಕ್ಕೆ ಬದಲಾಗುವುದುಂಟು. ಹೆಸರು ಅದೇ ಆದರೂ ಓಟ ಅದೇ ಅಲ್ಲ. ತಂತ್ರಾಂಶವೂ ಹೀಗೆಯೇ: ಪರದೆಯ ಮೇಲಿನ ಹೆಸರು ಮತ್ತು ಲಾಂಛನ ಬದಲಾಗದೆ ಒಳಗಿನ ಘಟಕ ಬದಲಾಗಬಹುದು. ಹೊರಗಿನಿಂದ ನೋಡುವವರಿಗೆ ಅದು ತಿಳಿಯುವುದಿಲ್ಲ.

3. ಒಂದು ಹೆಸರು, ಹಲವು ರೂಪ: ಮಾವಿನಕುರ್ವೆಯ ಉದಾಹರಣೆ

ನಮ್ಮ ಜಿಲ್ಲೆಯ ಕರಾವಳಿಯಲ್ಲಿ ಹೊಳೆಯ ನಡುಗಡ್ಡೆಗೆ ಕುರ್ವೆ ಎನ್ನುವುದು ರೂಢಿ. ಆದ್ದರಿಂದ ಒಂದೇ ಬಗೆಯ ಊರಿನ ಹೆಸರು ಒಂದಕ್ಕಿಂತ ಹೆಚ್ಚು ಕಡೆ ಸಿಗುತ್ತದೆ. ಮಾವಿನಕುರ್ವೆ ಭಟ್ಕಳ ತಾಲೂಕಿನಲ್ಲಿಯೂ ಇದೆ, ಹೊನ್ನಾವರ ತಾಲೂಕಿನಲ್ಲಿಯೂ ಇದೆ. ಬರಹದಲ್ಲಿ ಕೆಲವರು ಮಾವಿನಕುರ್ವೆ ಎಂದೂ ಕೆಲವರು ಮಾವಿನಕುರ್ವಾ ಎಂದೂ ನಮೂದಿಸುತ್ತಾರೆ. ಊರಿನವರಿಗೆ ಇದರಿಂದ ಗೊಂದಲವಿಲ್ಲ. ಗಣಕಕ್ಕೆ ಇವು ಬೇರೆ ಬೇರೆ ಪದಗಳು.

ಕಣ್ಣಿಗೆ ಕಾಣದ ವ್ಯತ್ಯಾಸಗಳೂ ಇವೆ. ‘ಕುರ್ವೆ’ ಎಂಬಲ್ಲಿ ಅರ್ಕಾವೊತ್ತು ಇದೆ. ಈಗ ಬಳಕೆಯಲ್ಲಿರುವ ಯುನಿಕೋಡ್ ಪದ್ಧತಿಯಲ್ಲಿ ಉಚ್ಚಾರಣೆಯ ಕ್ರಮದಂತೆ ಮೊದಲು ‘ರ’, ಬಳಿಕ ‘ವೆ’ ಶೇಖರವಾಗುತ್ತದೆ. ಫಾಂಟ್ ಆಧಾರಿತವಾಗಿದ್ದ ಹಿಂದಿನ ಪದ್ಧತಿಗಳಲ್ಲಿ ಕಾಣುವ ಕ್ರಮದಂತೆ ಮೊದಲು ‘ವೆ’, ಆಮೇಲೆ ಅರ್ಕಾವೊತ್ತಿನ ಗುರುತು ಶೇಖರವಾಗುತ್ತಿತ್ತು. ಅರ್ಕಾವೊತ್ತಿನ ಬದಲು ‘ರ’ಕಾರಕ್ಕೆ ‘ವ’ಒತ್ತು ಕೊಟ್ಟು ಬರೆಯಬೇಕಾದರೆ ಯುನಿಕೋಡ್‌ನಲ್ಲಿ ನಡುವೆ ಪರದೆಯ ಮೇಲೆ ಕಾಣದ ಒಂದು ಜೋಡಣೆಯ ಚಿಹ್ನೆ ಸೇರುತ್ತದೆ. ‘ಹೊನ್ನಾವರ’ ಎಂಬಲ್ಲಿನ ‘ಹೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಚಿಹ್ನೆಯಾಗಿಯೂ ಎರಡು ಚಿಹ್ನೆಗಳ ಜೋಡಿಯಾಗಿಯೂ ಶೇಖರಿಸಬಹುದು. ಮುದ್ರಿಸಿದಾಗ ಎರಡೂ ಒಂದೇ ರೀತಿ ಕಾಣುತ್ತವೆ.

ಅಕ್ಷರಗಳನ್ನು ನಿಭಾಯಿಸುವ ಘಟಕವು ಸರಿಯಾಗಿದ್ದರೆ ಈ ರೂಪಗಳನ್ನೆಲ್ಲ ಒಂದೇ ಎಂದು ಪರಿಗಣಿಸುತ್ತದೆ. ಆ ಘಟಕದ ಹೊಸ ಆವೃತ್ತಿಯಲ್ಲಿ ಈ ಹೊಂದಾಣಿಕೆ ಕೈಬಿಟ್ಟುಹೋಯಿತೆಂದು ಊಹಿಸೋಣ. ಮರುದಿನ ಅರ್ಜಿದಾರರೊಬ್ಬರು ತಮ್ಮ ಮನೆಯ ನಮೂನೆ ಕೇಳಲು ಬಂದರೆ ಪರದೆಯು ‘ದಾಖಲೆ ಲಭ್ಯವಿಲ್ಲ’ ಎನ್ನುತ್ತದೆ. ದಾಖಲೆ ಅಳಿಸಿಹೋಗಿಲ್ಲ, ಹುಡುಕುವ ಘಟಕವೇ ಬದಲಾಗಿದೆ. ಅದನ್ನು ಅರಿಯದೆ ಅದೇ ಆಸ್ತಿಯನ್ನು ಹೊಸದಾಗಿ ದಾಖಲಿಸಿದರೆ ಒಂದು ಮನೆಗೆ ಎರಡು ಆಸ್ತಿ ಸಂಖ್ಯೆಗಳು ಹುಟ್ಟಿಕೊಳ್ಳುತ್ತವೆ. ಮುಂದೆ ಸಾಲ, ಪಾಲು, ಮಾರಾಟದ ವೇಳೆ ಅದರ ತೊಂದರೆಯನ್ನು ಅನುಭವಿಸುವುದು ಆ ಕುಟುಂಬ.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ನಿರ್ದೇಶಿಕೆಯಲ್ಲಿ ಪ್ರತಿ ಗ್ರಾಮಕ್ಕೂ ಪ್ರತಿ ಗ್ರಾಮ ಪಂಚಾಯತಿಗೂ ಪ್ರತ್ಯೇಕ ಸಂಕೇತ ಸಂಖ್ಯೆ ನೀಡಿರುವುದು ಇಂತಹ ಗೊಂದಲವನ್ನು ತಪ್ಪಿಸಲು. ಹೆಸರು ಒಂದೇ ಆದರೂ ಸಂಖ್ಯೆ ಬೇರೆ. ಆದರೂ ತಂತ್ರಾಂಶವು ಆ ಸಂಖ್ಯೆಯನ್ನು ಆಧರಿಸಿ ಹುಡುಕುತ್ತದೆಯೋ ಹೆಸರನ್ನು ಆಧರಿಸಿಯೋ ಎಂಬುದು ಮತ್ತೆ ಘಟಕವನ್ನೇ ಅವಲಂಬಿಸಿದೆ. ಹೀಗಾಗಿ ಘಟಕ ಯಾವಾಗ ಬದಲಾಯಿತೆಂಬುದಕ್ಕೂ ದಾಖಲೆ ಬೇಕು.

4. ಸಕ್ರಿಯ ದತ್ತಾಂಶಕೋಶ

ಮಾಹಿತಿಯನ್ನು ಕೋಷ್ಟಕಗಳ ರೂಪದಲ್ಲಿ ಶೇಖರಿಸಿಡುವ ವ್ಯವಸ್ಥೆಗೆ ದತ್ತಾಂಶಕೋಶ ಅಥವಾ ಡೇಟಾಬೇಸ್ ಎನ್ನುತ್ತೇವೆ. ಸಾಮಾನ್ಯ ದತ್ತಾಂಶಕೋಶವು ಕಚೇರಿಯ ಕಪಾಟಿನಂತೆ: ಕೇಳಿದಾಗ ಕೊಡುತ್ತದೆ, ಕೊಟ್ಟಾಗ ಇಟ್ಟುಕೊಳ್ಳುತ್ತದೆ. ಸಕ್ರಿಯ ದತ್ತಾಂಶಕೋಶವು ಅಷ್ಟಕ್ಕೆ ನಿಲ್ಲದೆ, ತನ್ನೊಳಗೆ ನಡೆಯುವುದನ್ನು ಗಮನಿಸುತ್ತಿದ್ದು, ಮೊದಲೇ ಬರೆದಿಟ್ಟ ನಿಯಮದಂತೆ ತಾನಾಗಿ ಕೆಲಸ ಮಾಡುತ್ತದೆ. ಆ ನಿಯಮಕ್ಕೆ ಮೂರು ಅಂಗಗಳು:

ಘಟನೆ: ಏನಾದರೂ ಸೇರಿತು, ಬದಲಾಯಿತು ಅಥವಾ ಅಳಿಯಿತು.
ಷರತ್ತು: ಆ ಘಟನೆ ಗಮನಿಸಬೇಕಾದದ್ದೇ ಎಂಬ ಪರೀಕ್ಷೆ.
ಕ್ರಮ: ಷರತ್ತು ನಿಜವಾದರೆ ಮಾಡಬೇಕಾದ ಕೆಲಸ.

ಈ ವಿಚಾರದ ಮೇಲೆ 1980ರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮತ್ತು ಕಂಪನಿಗಳ ಪ್ರಯೋಗಾಲಯಗಳಲ್ಲಿ ಸಂಶೋಧನೆ ನಡೆಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಆರಂಭವಾದ ಪೋಸ್ಟ್‌ಗ್ರೆಸ್ ಯೋಜನೆಯು ಅವುಗಳಲ್ಲಿ ಒಂದು. ದತ್ತಾಂಶಕೋಶಗಳ ಸಾಮಾನ್ಯ ಭಾಷೆಯಾದ ಎಸ್‌ಕ್ಯೂಎಲ್‌ನ 1999ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇಂತಹ ನಿಯಮಗಳು ‘ಟ್ರಿಗರ್’ ಎಂಬ ಹೆಸರಿನಲ್ಲಿ ಸೇರ್ಪಡೆಯಾದವು. ಇಂದು ಬಳಕೆಯಲ್ಲಿರುವ ಪ್ರಮುಖ ದತ್ತಾಂಶಕೋಶ ತಂತ್ರಾಂಶಗಳಲ್ಲೆಲ್ಲ ಈ ಸೌಲಭ್ಯವಿದೆ. ಇದಕ್ಕಾಗಿ ಪ್ರತ್ಯೇಕ ಖರೀದಿಯ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಇರುವ ಸೌಲಭ್ಯವನ್ನು ಬಳಸುವ ತೀರ್ಮಾನವಷ್ಟೇ ಬೇಕು.

ಈ ತರ್ಕ ಸದಸ್ಯರಿಗೆ ಹೊಸದೇನಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕೃಷಿ ಜಮೀನಿನ ಕ್ರಯಪತ್ರ ನೋಂದಣಿಯಾದಾಗ ಜೆ-ಸ್ಲಿಪ್‌ನ ವಿವರವು ಕಾವೇರಿ ತಂತ್ರಾಂಶದಿಂದ ಭೂಮಿ ತಂತ್ರಾಂಶಕ್ಕೆ ರವಾನೆಯಾಗಿ ಹಕ್ಕು ಬದಲಾವಣೆಯ ಪ್ರಕ್ರಿಯೆ ಆರಂಭವಾಗುತ್ತದೆ. ನೋಂದಣಿ ಎಂಬುದು ಘಟನೆ, ಕೃಷಿ ಜಮೀನು ಎಂಬುದು ಷರತ್ತು, ಹಕ್ಕು ಬದಲಾವಣೆಯ ಆರಂಭ ಎಂಬುದು ಕ್ರಮ. ಪಹಣಿಯಲ್ಲಿ ಹೊಸ ಹೆಸರಿನೊಂದಿಗೆ ಎಂ.ಆರ್. ಸಂಖ್ಯೆ ನಮೂದಾಗುವುದರಿಂದ ಆ ಹೆಸರು ಎಲ್ಲಿಂದ ಬಂತೆಂಬುದನ್ನು ಹಿಂದಕ್ಕೆ ಹುಡುಕಿಕೊಂಡು ಹೋಗಬಹುದು. ಜಮೀನಿನ ಹಕ್ಕಿಗೆ ನಾವು ಒಪ್ಪಿಕೊಂಡಿರುವ ಈ ಶಿಸ್ತನ್ನು ತಂತ್ರಾಂಶದ ಘಟಕಗಳಿಗೂ ಅನ್ವಯಿಸುವುದೇ ಇಲ್ಲಿನ ಆಶಯ.

5. ಘಟಕಗಳ ಬದಲಾವಣೆಯ ವಹಿ ಹೇಗಿರಬೇಕು?

ಮೊದಲಿಗೆ ದತ್ತಾಂಶಕೋಶದಲ್ಲಿ ಘಟಕಗಳದ್ದೇ ಒಂದು ಕೋಷ್ಟಕವನ್ನು ರಚಿಸಬೇಕು. ಅದರಲ್ಲಿ ಪ್ರತಿ ಘಟಕದ ಹೆಸರು, ಆವೃತ್ತಿ ಸಂಖ್ಯೆ, ತಯಾರಕರು, ಅಳವಡಿಸಿದ ದಿನಾಂಕ ಮತ್ತು ವೇಳೆ, ಅನುಮೋದಿಸಿದವರು, ಆ ಘಟಕವನ್ನು ನೆಚ್ಚಿಕೊಂಡಿರುವ ಇತರ ಘಟಕಗಳು ಹಾಗೂ ಅದರ ಡಿಜಿಟಲ್ ಬೆರಳಚ್ಚು ಇರಬೇಕು.

ಡಿಜಿಟಲ್ ಬೆರಳಚ್ಚು ಎಂದರೆ ಒಂದು ಕಡತದ ಪೂರ್ಣ ಪಾಠವನ್ನು ಗಣಿತದ ವಿಧಾನಕ್ಕೆ ಒಳಪಡಿಸಿ ಪಡೆದ ಚಿಕ್ಕ ಗುರುತು. ಹೆಚ್ಚಾಗಿ ಬಳಸುವ ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಚಿಹ್ನೆಗಳ ಒಂದು ಸಾಲು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಆವೃತ್ತಿ ಸಂಖ್ಯೆಯನ್ನು ಹಾಗೆಯೇ ಇಟ್ಟು ಒಳಗಿನ ಪಾಠವನ್ನು ಬದಲಾಯಿಸಿದರೆ ಅದನ್ನು ಬಯಲಿಗೆಳೆಯುವುದು ಈ ಬೆರಳಚ್ಚು.

ಘಟಕಗಳ ಕಡತಗಳು ದತ್ತಾಂಶಕೋಶದ ಹೊರಗೆ ಸರ್ವರ್‌ನಲ್ಲಿರುತ್ತವೆ. ಆದ್ದರಿಂದ ನಿಗದಿತ ವೇಳೆಗೆ ಒಂದು ಚಿಕ್ಕ ಪ್ರೋಗ್ರಾಮ್ ಅವುಗಳನ್ನು ಓದಿ, ಅಂದಿನ ಬೆರಳಚ್ಚುಗಳನ್ನು ಕೋಷ್ಟಕಕ್ಕೆ ಸೇರಿಸುತ್ತದೆ. ಆ ಸೇರ್ಪಡೆಯೇ ಘಟನೆ. ಅಲ್ಲಿಂದ ಮುಂದೆ ನಿಯಮಗಳ ಕೆಲಸ. ಮಾದರಿಗೆ ನಾಲ್ಕು ನಿಯಮಗಳು:

ನಿಯಮ 1. ಘಟನೆ: ಹೊಸ ಬೆರಳಚ್ಚು ದಾಖಲಾಯಿತು. ಷರತ್ತು: ಅದು ಅನುಮೋದಿತ ಪಟ್ಟಿಯಲ್ಲಿ ಇಲ್ಲ. ಕ್ರಮ: ಹೊಣೆಗಾರ ಅಧಿಕಾರಿಗೆ ಎಚ್ಚರಿಕೆ ರವಾನಿಸುವುದು; ಪರಿಶೀಲನೆ ಮುಗಿಯುವವರೆಗೆ ಹೊಸ ಬೇಡಿಕೆ ಪಟ್ಟಿ ಸಿದ್ಧಪಡಿಸುವುದನ್ನು ತಡೆಹಿಡಿಯುವುದು.

ನಿಯಮ 2. ಘಟನೆ: ಒಂದು ಘಟಕದ ಆವೃತ್ತಿ ಬದಲಾಯಿತು. ಷರತ್ತು: ಬೇರೆ ಘಟಕಗಳು ಅದನ್ನು ನೆಚ್ಚಿಕೊಂಡಿವೆ. ಕ್ರಮ: ಅವೆಲ್ಲವನ್ನೂ ‘ಮರುಪರೀಕ್ಷೆ ಬಾಕಿ’ ಎಂದು ಗುರುತಿಸುವುದು.

ನಿಯಮ 3. ಘಟನೆ: ತೆರಿಗೆ ದರದ ಕೋಷ್ಟಕದಲ್ಲಿ ಬದಲಾವಣೆ. ಷರತ್ತು: ಸಭೆಯ ಠರಾವಿನ ಸಂಖ್ಯೆ ಮತ್ತು ದಿನಾಂಕ ನಮೂದಾಗಿಲ್ಲ. ಕ್ರಮ: ಬದಲಾವಣೆಯನ್ನು ನಿರಾಕರಿಸುವುದು.

ನಿಯಮ 4. ಘಟನೆ: ಬದಲಾವಣೆಯ ವಹಿಯಿಂದಲೇ ಸಾಲೊಂದನ್ನು ಅಳಿಸುವ ಅಥವಾ ತಿದ್ದುವ ಪ್ರಯತ್ನ. ಷರತ್ತು: ಯಾವುದೂ ಇಲ್ಲ. ಕ್ರಮ: ಎಲ್ಲ ಸಂದರ್ಭಗಳಲ್ಲೂ ನಿರಾಕರಿಸುವುದು.

ಪ್ರತಿ ಬದಲಾವಣೆಯ ಸಾಲಿನಲ್ಲಿ ಹಳೆಯ ಮೌಲ್ಯ, ಹೊಸ ಮೌಲ್ಯ, ಬದಲಾಯಿಸಿದವರ ಲಾಗಿನ್, ದಿನಾಂಕ, ವೇಳೆ ಮತ್ತು ಕಾರಣ ಇವಿಷ್ಟೂ ಇರಬೇಕು. ಅಡ್ಡಗೆರೆ ಮತ್ತು ಚಿಕ್ಕ ಸಹಿಯ ಸ್ಥಾನವನ್ನು ಇದು ತುಂಬುತ್ತದೆ.

6. ದುಂಡಂಕದ ಲೆಕ್ಕ: ಒಂದು ಕಲ್ಪಿತ ಪ್ರಸಂಗ

ವಹಿಯ ಪ್ರಯೋಜನವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಇಲ್ಲಿನ ಮೊತ್ತಗಳು ಉದಾಹರಣೆಗಾಗಿ ಮಾತ್ರ. ಒಂದು ಮನೆಯ ಕಂದಾಯದ ಮೇಲೆ ಆರೋಗ್ಯ ಉಪಕರ 37.50, ಶಿಕ್ಷಣ ಉಪಕರ 25.50, ಗ್ರಂಥಾಲಯ ಉಪಕರ 15.50 ಮತ್ತು ಭಿಕ್ಷುಕರ ಉಪಕರ 7.50 ರೂಪಾಯಿ ಬರುತ್ತದೆಂದು ಇಟ್ಟುಕೊಳ್ಳೋಣ. ಒಟ್ಟು ಮಾಡಿದರೆ 86 ರೂಪಾಯಿ. ಲೆಕ್ಕದ ಘಟಕದ ಹೊಸ ಆವೃತ್ತಿಯು ಪ್ರತಿಯೊಂದನ್ನೂ ಮೊದಲು ಪೂರ್ಣ ರೂಪಾಯಿಗೆ ಏರಿಸಿ, ಆಮೇಲೆ ಕೂಡಿಸುತ್ತದೆ. ಆಗ 38, 26, 16 ಮತ್ತು 8 ಸೇರಿ 88 ರೂಪಾಯಿ ಆಗುತ್ತದೆ. ವ್ಯತ್ಯಾಸ 2 ರೂಪಾಯಿ. ಇಂತಹ 1,200 ಮನೆಗಳಿದ್ದರೆ 2,400 ರೂಪಾಯಿ.

ಇಲ್ಲಿ ಯಾರೂ ದಾಖಲೆಯನ್ನು ತಿದ್ದಿಲ್ಲ, ಯಾರೂ ಹಣ ತೆಗೆದಿಲ್ಲ. ಆದರೆ ಹಿಂದಿನ ಬೇಡಿಕೆಗೂ ಇಂದಿನ ರಸೀದಿಗೂ ತಾಳೆಯಾಗುವುದಿಲ್ಲ. ಗ್ರಾಮಸಭೆಯಲ್ಲಿ ಪ್ರಶ್ನೆ ಬರುತ್ತದೆ; ಸಂಶಯದ ಬೆರಳು ಮೊದಲು ತಿರುಗುವುದು ಕರ ವಸೂಲಿಗಾರರ ಕಡೆಗೆ ಅಥವಾ ಡಾಟಾ ಎಂಟ್ರಿ ಆಪರೇಟರ್ ಕಡೆಗೆ. ಘಟಕಗಳ ವಹಿ ಇದ್ದರೆ, ಇಂಥ ದಿನ ಲೆಕ್ಕದ ಘಟಕ ಬದಲಾಯಿತು, ಅಂದಿನಿಂದಲೇ ವ್ಯತ್ಯಾಸ ಆರಂಭವಾಯಿತು ಎಂದು ಅರ್ಧ ಗಂಟೆಯಲ್ಲಿ ತೋರಿಸಬಹುದು. ಯಾವ ರಸೀದಿಗಳನ್ನು ಸರಿಪಡಿಸಬೇಕೆಂಬುದನ್ನೂ ಪಟ್ಟಿ ಮಾಡಬಹುದು. ವಹಿ ಇಲ್ಲದಿದ್ದರೆ ನಿರಪರಾಧಿಯಾದ ಸಿಬ್ಬಂದಿಯ ಬಳಿ ತನ್ನ ಮಾತಿನ ಹೊರತು ಬೇರೆ ಆಧಾರ ಇರುವುದಿಲ್ಲ. ಬದಲಾವಣೆಯ ವಹಿಯು ತಪ್ಪು ಮಾಡಿದವರನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ, ತಪ್ಪು ಮಾಡದವರನ್ನು ಕಾಯುವ ಸಾಧನ ಎಂಬುದನ್ನು ಗಮನಿಸಬೇಕು.

7. ಹೊರಜಗತ್ತಿನ ಎರಡು ಪಾಠಗಳು

2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಉಚಿತ ಘಟಕದಲ್ಲಿ ಗಂಭೀರ ಲೋಪವೊಂದು ಬಹಿರಂಗವಾಯಿತು. ತಂತ್ರಾಂಶದ ಆಗುಹೋಗುಗಳನ್ನು ಬರೆದಿಡುವುದಷ್ಟೇ ಅದರ ಕೆಲಸವಾದರೂ ಜಗತ್ತಿನ ಅಸಂಖ್ಯ ತಂತ್ರಾಂಶಗಳ ಒಳಗೆ ಅದು ಅಡಗಿತ್ತು. ದುರಸ್ತಿಯ ಆವೃತ್ತಿ ಬೇಗನೆ ಸಿಕ್ಕಿತು. ಕಷ್ಟವಾದದ್ದು ಆ ಘಟಕ ತಮ್ಮಲ್ಲಿ ಎಲ್ಲೆಲ್ಲಿದೆ ಎಂದು ಸಂಸ್ಥೆಗಳು ಕಂಡುಕೊಳ್ಳುವುದು. ಘಟಕಗಳ ಪಟ್ಟಿ ಇಟ್ಟುಕೊಂಡವರ ಕೆಲಸ ಸುಲಭವಾಯಿತು.

2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಇನ್ನೊಂದು ಉಚಿತ ಘಟಕದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿಯೊಂದನ್ನು ಉದ್ದೇಶಪೂರ್ವಕವಾಗಿ ಸೇರಿಸಿದ್ದು ಬೆಳಕಿಗೆ ಬಂತು. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಗಮನಿಸಿದ ಎಂಜಿನಿಯರ್ ಒಬ್ಬರು ಅದನ್ನು ಪತ್ತೆಹಚ್ಚಿದರು. ಕಳ್ಳದಾರಿಯನ್ನು ಕಾರ್ಯಗತಗೊಳಿಸುವ ಭಾಗವು ಬಿಡುಗಡೆಯಾದ ಕಟ್ಟಿನಲ್ಲಿತ್ತು. ಎಲ್ಲರೂ ನೋಡಬಹುದಾದ ಸಾರ್ವಜನಿಕ ಮೂಲಪಾಠದಲ್ಲಿ ಇರಲಿಲ್ಲ. ತೋರಿಸಿದ್ದನ್ನೂ ಅಳವಡಿಸಿದ್ದನ್ನೂ ತಾಳೆ ನೋಡುವುದು ಎಷ್ಟು ಅವಶ್ಯವೆಂಬುದಕ್ಕೆ ಇದು ನಿದರ್ಶನ.

8. ಕಾನೂನಿನ ಹಿನ್ನೆಲೆ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 7ರಂತೆ, ಕಾನೂನಿನ ಪ್ರಕಾರ ಉಳಿಸಿಕೊಳ್ಳಬೇಕಾದ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿ ಇಡುವಾಗ ಅದು ಮುಂದೆಯೂ ಓದಲು ಲಭ್ಯವಿರಬೇಕು. ಅದರ ಮೂಲ, ದಿನಾಂಕ ಮತ್ತು ವೇಳೆಯನ್ನು ಗುರುತಿಸುವ ವಿವರಗಳೂ ಉಳಿದಿರಬೇಕು. ಕಾಗದದ ದಾಖಲೆಗೆ ಲೆಕ್ಕ ಪರಿಶೋಧನೆ ಇರುವಲ್ಲಿ ವಿದ್ಯುನ್ಮಾನ ದಾಖಲೆಗೂ ಅದು ಅನ್ವಯವಾಗುತ್ತದೆಂದು ಪ್ರಕರಣ 7ಎ ತಿಳಿಸುತ್ತದೆ. ಕೇಂದ್ರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನಗಳಂತೆ ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಸಂಬಂಧಪಟ್ಟವರು ತಮ್ಮ ಗಣಕ ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. ಕಂಪನಿಗಳ ವಿಷಯದಲ್ಲಿ, 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸುವ, ಆ ದಾಖಲಾತಿಯನ್ನು ನಿಲ್ಲಿಸಲಾಗದ ಲೆಕ್ಕಪತ್ರ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ ಜಾರಿಯಲ್ಲಿದೆ. ಗ್ರಾಮ ಪಂಚಾಯತಿ ಕಂಪನಿಯಲ್ಲವಾದ್ದರಿಂದ ಈ ಕೊನೆಯ ನಿಯಮ ನೇರವಾಗಿ ಅನ್ವಯಿಸದು. ಆದರೆ ಖಾಸಗಿ ಷೇರುದಾರರ ಹಣಕ್ಕೆ ಅಗತ್ಯವೆನಿಸಿದ ಶಿಸ್ತು ಗ್ರಾಮಸ್ಥರ ತೆರಿಗೆಗೂ ಸಲ್ಲಬೇಕಾದದ್ದೇ.

9. ಇತಿಮಿತಿಗಳು

ಸಕ್ರಿಯ ನಿಯಮಗಳೂ ಲೋಪರಹಿತವಲ್ಲ. ದತ್ತಾಂಶಕೋಶದ ಮೇಲ್ವಿಚಾರಕರಿಗೆ ಟ್ರಿಗರ್‌ಗಳನ್ನು ನಿಲ್ಲಿಸುವ ಅಧಿಕಾರ ಇರುತ್ತದೆ. ಆದ್ದರಿಂದ ವಹಿಯ ಪ್ರತಿಯು ಅವರ ಕೈಗೆ ಸಿಗದ ಬೇರೊಂದು ಸ್ಥಳಕ್ಕೂ ಹೋಗುತ್ತಿರಬೇಕು. ನಿರಾಕರಿಸಿದ ಪ್ರಯತ್ನದೊಂದಿಗೆ, ಅದೇ ವ್ಯವಹಾರದಲ್ಲಿ ಬರೆದ ಟಿಪ್ಪಣಿಯೂ ರದ್ದಾಗುವ ಸಂಭವವಿರುವುದರಿಂದ ನಿಯಮ 4ರಂತಹ ಪ್ರಯತ್ನಗಳನ್ನು ದತ್ತಾಂಶಕೋಶದ ಹೊರಗೆ ದಾಖಲಿಸುವುದು ಲೇಸು. ಒಂದು ನಿಯಮದ ಕ್ರಮವು ಇನ್ನೊಂದಕ್ಕೆ ಘಟನೆಯಾಗಿ, ಅದು ಮತ್ತೆ ಮೊದಲನೆಯದನ್ನು ಎಬ್ಬಿಸಿ ಸುತ್ತು ಬೀಳುವುದೂ ಉಂಟು. ನಿಯಮಗಳು ಕಡಿಮೆಯಿದ್ದಷ್ಟು ಒಳ್ಳೆಯದು. ಎಲ್ಲದಕ್ಕೂ ಎಚ್ಚರಿಕೆ ಕಳುಹಿಸಿದರೆ ಯಾವುದನ್ನೂ ಯಾರೂ ಓದುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ವಹಿಯು ಬದಲಾವಣೆ ಆಯಿತೆಂದು ಹೇಳುತ್ತದೆಯೇ ಹೊರತು ಅದು ಸರಿಯೋ ತಪ್ಪೋ ಎಂದು ಹೇಳುವುದಿಲ್ಲ. ಆ ತೀರ್ಮಾನ ಮನುಷ್ಯರದ್ದು, ಸಭೆಯದ್ದು.

10. ಸದಸ್ಯರು ಮಾಡಬಹುದಾದ ಕೆಲಸ

ರಾಜ್ಯ ಮತ್ತು ಕೇಂದ್ರ ಮಟ್ಟದ ತಂತ್ರಾಂಶಗಳ ಘಟಕಗಳನ್ನು ಬದಲಾಯಿಸುವುದು ಪಂಚಾಯತಿಯ ಕೈಯಲ್ಲಿಲ್ಲ. ಆದರೆ ಪರಿಣಾಮವನ್ನು ಮೊದಲು ಕಾಣುವವರು ಪಂಚಾಯತಿಯವರೇ. ಲೆಕ್ಕದಲ್ಲಿ, ಹೆಸರಿನಲ್ಲಿ ಅಥವಾ ಹುಡುಕಾಟದಲ್ಲಿ ಹಠಾತ್ತಾಗಿ ವ್ಯತ್ಯಾಸ ಕಂಡರೆ ದಿನಾಂಕ, ವೇಳೆ ಮತ್ತು ಪರದೆಯ ಚಿತ್ರದೊಂದಿಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ತಾಲೂಕು ಪಂಚಾಯತಿಗೆ ಲಿಖಿತವಾಗಿ ತಿಳಿಸುವುದು ಸೂಕ್ತ. ‘ಸರ್ವರ್ ಸಮಸ್ಯೆ’ ಎಂಬ ಮಾತಿಗಿಂತ ದಿನಾಂಕವುಳ್ಳ ಒಂದು ಪತ್ರ ಹೆಚ್ಚು ಕೆಲಸ ಮಾಡುತ್ತದೆ.

ನೀರಿನ ಬಿಲ್ ಅಥವಾ ವಸೂಲಿ ಯಂತ್ರದಂತಹ ಕೆಲಸಕ್ಕೆ ಪಂಚಾಯತಿಯೇ ಸ್ಥಳೀಯವಾಗಿ ತಂತ್ರಾಂಶ ಪಡೆಯುವ ಸಂದರ್ಭದಲ್ಲಿ, ಹಣ ಮಂಜೂರು ಮಾಡುವ ಮೊದಲು ಸಾಮಾನ್ಯ ಸಭೆಯಲ್ಲಿ ಈ ಐದು ಪ್ರಶ್ನೆಗಳನ್ನು ಕೇಳಬಹುದು:

(ಅ) ತಂತ್ರಾಂಶದಲ್ಲಿರುವ ಘಟಕಗಳ ಮತ್ತು ಆವೃತ್ತಿಗಳ ಪೂರ್ಣ ಪಟ್ಟಿಯನ್ನು ಕೊಡುವಿರಾ?
(ಆ) ಘಟಕ ಬದಲಾದಾಗ ಅದು ತಾನಾಗಿ ದಾಖಲಾಗುತ್ತದೆಯೇ? ಆ ವಹಿ ಯಾರ ವಶದಲ್ಲಿರುತ್ತದೆ?
(ಇ) ವಹಿಯನ್ನು ಅಳಿಸಲು ಅಥವಾ ನಿಲ್ಲಿಸಲು ಯಾರಿಗೆ ಸಾಧ್ಯ?
(ಈ) ಅಪ್‌ಡೇಟ್‌ಗೆ ಮೊದಲು ಹಳೆಯ ಹತ್ತು ಬಿಲ್‌ಗಳನ್ನು ಹೊಸ ಆವೃತ್ತಿಯಲ್ಲಿ ಲೆಕ್ಕ ಹಾಕಿ ತಾಳೆ ತೋರಿಸುವಿರಾ?
(ಉ) ಒಪ್ಪಂದ ಮುಗಿದ ಮೇಲೆ ದಾಖಲೆಗಳ ಜೊತೆಗೆ ಬದಲಾವಣೆಯ ವಹಿಯೂ ಪಂಚಾಯತಿಗೆ ಸೇರುತ್ತದೆಯೇ?

ಉತ್ತರಗಳನ್ನು ನಡವಳಿಯಲ್ಲಿ ದಾಖಲಿಸಿ ಒಪ್ಪಂದದ ಷರತ್ತುಗಳಲ್ಲಿ ಸೇರಿಸಿಕೊಳ್ಳುವುದು ಅಪೇಕ್ಷಣೀಯ. ಇದರ ಜೊತೆಗೆ, ಒಂದೇ ಲಾಗಿನ್ ಮತ್ತು ಪಾಸ್‌ವರ್ಡನ್ನು ಹಲವರು ಬಳಸುವ ರೂಢಿ ಎಲ್ಲಿಯಾದರೂ ಇದ್ದರೆ ಅದನ್ನು ನಿಲ್ಲಿಸಬೇಕು. ನಾಲ್ವರು ಒಂದೇ ಲಾಗಿನ್ ಬಳಸಿದರೆ ‘ಯಾರು’ ಎಂಬ ಪ್ರಶ್ನೆಗೆ ಎಷ್ಟೇ ಉತ್ತಮ ದತ್ತಾಂಶಕೋಶವೂ ಉತ್ತರಿಸಲಾರದು. ಡಿಜಿಟಲ್ ಸಹಿಯ ಸಾಧನವು ಅದರ ಅಧಿಕೃತ ಅಧಿಕಾರಿಯ ವಶದಲ್ಲಿಯೇ ಇರತಕ್ಕದ್ದು.

ತಂತ್ರಾಂಶಗಳು ಇನ್ನೂ ಹೆಚ್ಚುತ್ತವೆ, ಅವುಗಳ ಘಟಕಗಳೂ ಬದಲಾಗುತ್ತಲೇ ಇರುತ್ತವೆ. ಬದಲಾವಣೆಯನ್ನು ತಡೆಯುವುದು ಸಾಧ್ಯವಿಲ್ಲ, ಅಗತ್ಯವೂ ಅಲ್ಲ. ದುರಸ್ತಿಯಾಗದ ಹಳೆಯ ಘಟಕವೂ ಅಪಾಯಕಾರಿಯೇ. ಆದರೆ ಪ್ರತಿ ಬದಲಾವಣೆಗೂ ಒಂದು ದಿನಾಂಕ, ಒಂದು ಕಾರಣ ಮತ್ತು ಒಬ್ಬ ಹೊಣೆಗಾರರು ಇರಬೇಕು. ಮಾವಿನಕುರ್ವೆಯ ಒಂದು ಮನೆಯ ದಾಖಲೆ ಇಂದು ಹೇಗಿದೆ ಎಂಬುದರ ಜೊತೆಗೆ, ಅದು ಹಾಗೆ ಆದದ್ದು ಹೇಗೆ ಎಂಬುದನ್ನೂ ಹತ್ತು ವರ್ಷಗಳ ನಂತರ ತೋರಿಸಲು ಸಾಧ್ಯವಾಗುವಂತಿರಬೇಕು.